ಹಿರೋಡೆಯ ಹಬೆಬಂಡಿ

ಪಟ್ಟಣದ ಫಿರಂಗಿ ಕಾರ್ಖಾನೆಯಿಂದ ನನ್ನನ್ನು ಹಿರೋಡೆಗೆ ಕಳಿಸಿದ್ದು ಒಂದು ಮೊಳ ಉದ್ದದ ತಾಮ್ರದ ಬಂಡಿಗೆ ಹುಲಿಮುಖ ಕೂರಿಸುವುದಕ್ಕೆ. ಆಳುದ್ದದ ಫಿರಂಗಿಗೆ ಎರಕ ಹೊಯ್ಯುತ್ತಿದ್ದವನು ನಾನು. ‘ಆನೆ ಮೇಯಿಸ್ತಿದ್ದೋನ್ನ ಕರೆದು ಇರುವೆ ಮೇಯ್ಸು ಅಂದಂಗಾಯ್ತು ಕಣ್ಲಾ’ ಎಂದು ಜೊತೆಯವರು ನಕ್ಕರು. ನಾನೂ ನಕ್ಕಿರಬೇಕು. ಆ ವರ್ಷ ಏನಕ್ಕೆ ನಕ್ಕೆ, ಏನಕ್ಕೆ ಸುಮ್ಮನಿದ್ದೆ ಎನ್ನುವುದು ಸರಿಯಾಗಿ ನೆನಪಿಲ್ಲ. ಕೈ ಏನು ಮಾಡಿತು ಎನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.

ನಾವು ನಾಗಮಂಗಲದ ಕಂಚುಗಾರರು. ದೀಪ, ಗಂಟೆ, ತಂಬಿಗೆ, ದೇವರ ಮುಖ, ಎಲ್ಲವನ್ನೂ ಮೇಣದಲ್ಲಿ ಮಾಡಿ ಮಣ್ಣು ಮೆತ್ತಿ ಎರಕ ಹೊಯ್ಯುವ ಮನೆ. ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವ ಪಾತ್ರೆಯೇ ಆಗಲಿ, ಅರ ಹಾಕಿ ಉಜ್ಜಿದ ಮೇಲೆ ನೀರು ತುಂಬಿ ಒಣಬೂದಿಯ ಮೇಲೆ ಕೂರಿಸುತ್ತಿದ್ದೆವು. ಒಂದು ಜಾವ ಕಳೆದು ಎತ್ತಿ ನೋಡಿದರೆ ಬೂದಿ ಒಣಗಿಯೇ ಇರಬೇಕು. ಸಾಸಿವೆಯಷ್ಟು ಒದ್ದೆ ಕಂಡರೂ ಆ ಪಾತ್ರೆ ಹೊಸಿಲು ದಾಟುವ ಹಾಗಿಲ್ಲ. ಬೆಸುಗೆ ಹಾಕಬೇಕು, ಇಲ್ಲವೇ ಮುರಿದು ಮತ್ತೆ ಮೂಸೆಗೆ ಹಾಕಬೇಕು. ‘ತೂತಿನ ಪಾತ್ರೆ ಕೊಟ್ಟೋನ ಮನೇಲಿ ಏನೂ ನಿಲ್ಲಾಕಿಲ್ಲ’ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಇಂಥ ಮಾತು ದಿನಕ್ಕೆ ಹತ್ತು ಹೇಳುತ್ತಿದ್ದ. ಒಂಬತ್ತು ನಾನು ಮರೆತೆ.

ಯುದ್ಧ ಹತ್ತಿರ ಬಂದಾಗ ಸರ್ಕಾರದವರು ಊರೂರಿಗೆ ಬಂದು ಎರಕ ಬಲ್ಲ ಗಂಡಸರನ್ನೆಲ್ಲ ಪಟ್ಟಣಕ್ಕೆ ಕರೆದುಕೊಂಡು ಹೋದರು. ಕರೆದುಕೊಂಡು ಹೋದರು ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ. ಆ ಬೆಳಿಗ್ಗೆ ನಾನೊಂದು ದೀಪಕ್ಕೆ ಅರ ಹಾಕಿ ಮುಗಿಸಿದ್ದೆ. ಬೂದಿಯ ಮೇಲೆ ಕೂರಿಸಿ ನೋಡುವಷ್ಟು ಪುರುಸೊತ್ತು ಕೊಡಲಿಲ್ಲ. ದೀಪ ಕೊಂಡುಹೋಗಲು ಬಂದಿದ್ದವನ ಕೈಗೆ ಹಾಗೇ ಕೊಟ್ಟು ಹೊರಟೆ. ಬಾಗಿಲಲ್ಲಿ ತಾಯಿ ಮತ್ತು ಹೆಂಡತಿ ನಿಂತಿದ್ದರು. ಮಕ್ಕಳು ನಮಗೆ ಆಗಿರಲಿಲ್ಲ.

ಪಟ್ಟಣಕ್ಕೆ ಮುತ್ತಿಗೆ ಬಿದ್ದ ಕಾಲದಲ್ಲೇ ಇನ್ನೊಂದು ದಂಡು ಬಡಗಲಿಂದ ಬಂದು ನಾಗಮಂಗಲಕ್ಕೆ ಬೆಂಕಿ ಇಟ್ಟಿತು. ಮುತ್ತಿಗೆ ಮುಗಿದು ಎಷ್ಟೋ ದಿನವಾದ ಮೇಲೆ ವೀಳೆಯದೆಲೆ ಹೊತ್ತು ಬಂದವನೊಬ್ಬ ಈ ಸುದ್ದಿ ಹೇಳಿದ. ‘ಊರೇ ಇಲ್ಲ ಕಣಣ್ಣ. ಗೋಡೆ ಅವೆ, ಮ್ಯಾಲೆ ಏನೂ ಇಲ್ಲ’ ಎಂದ. ಜನ ಏನಾದರು ಎಂದು ಕೇಳಿದ್ದಕ್ಕೆ ಅವನು ಎಲೆ ಕಟ್ಟು ಬಿಚ್ಚಿ ನೀರು ಚಿಮುಕಿಸುತ್ತ ಕೂತ. ನಾನು ಆಗ ಮೂಸೆಗೆ ತವರ ಹಾಕುತ್ತಿದ್ದೆ. ಹಾಕಿ ಮುಗಿಸಿದೆ. ಕದಡಿದೆ, ಮೇಲಿನ ಕಸ ತೆಗೆದೆ, ಅಚ್ಚಿಗೆ ಹೊಯ್ದೆ. ಎರಕ ಒಳ್ಳೆಯದೇ ಬಂತು. ನನಗೆ ಎದೆಯೊಡೆದುಕೊಳ್ಳುವ ದುಃಖ ಬರಲಿಲ್ಲ. ಬರುತ್ತದೆ ಎಂದು ಕಾದೆ, ಬರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತು ಎದ್ದಾಗ ಪಾದ ನನ್ನದಲ್ಲ ಅನಿಸುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಆ ದೀಪವನ್ನು ಬೂದಿಯ ಮೇಲೆ ಕೂರಿಸದೆ ಕೊಟ್ಟೆನಲ್ಲ ಎನ್ನುವುದೊಂದೇ ಮತ್ತೆ ಮತ್ತೆ ತಲೆಗೆ ಬರುತ್ತಿತ್ತು. ಒಂದು ದೀಪ ಸೋರಿದರೆ ಊರು ಉರಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆ. ಉರಿಯುವುದಿಲ್ಲ ಎಂದು ಒಳಗಿನಿಂದ ಯಾರೂ ಹೇಳಲಿಲ್ಲ.

ಹೋಗಿ ನೋಡಿ ಬರೋಣವೆಂದರೆ ಕಾರ್ಖಾನೆಯವರಿಗೆ ರಹದಾರಿ ಚೀಟಿ ಇಲ್ಲದೆ ಕೋಟೆ ಬಾಗಿಲು ದಾಟುವ ಹಾಗಿರಲಿಲ್ಲ. ನಾನು ನಾಲ್ಕು ಸಲ ಕಾರ್ಖಾನೆ ನೋಡಿಕೊಳ್ಳುವ ದಾರೋಗನ ಮುಂದೆ ನಿಂತೆ. ದಾರೋಗ ಕೆಟ್ಟವನಲ್ಲ. ಅವನ ಮೇಲೆ ಇನ್ನೊಬ್ಬ, ಆ ಇನ್ನೊಬ್ಬನ ಮೇಲೆ ಮತ್ತೊಬ್ಬ. ಐದನೆಯ ಸಲ ಅವನೇ ಕರೆಸಿದ.

‘ನೋಡು ಆಚಾರಿ, ಹಿರೋಡೆಯಲ್ಲಿ ಒಬ್ಬ ಪರಂಗಿ ಇದಾನೆ. ನೀರು ಕುದಿಸಿ ಓಡಿಸೋ ಬಂಡಿ ಮಾಡಿದಾನೆ, ಆಟದ್ದು. ಅರಮನೇಲಿ ಹುಜೂರ್ ನೋಡ್ತೀನಿ ಅಂದಿದಾರೆ. ಅದು ಸುಮಾರಾಗಿ ಓಡ್ತದೆ, ನೋಡಾಕೆ ಮಾತ್ರ ಬೋಳು. ಹುಲಿ ಕೂರಿಸು, ಪಟ್ಟೆ ಕೆತ್ತು, ಚಂದ ಮಾಡು. ಓಡ್ತು ಅನ್ನು, ನಿಂಗೆ ಒಂದು ತಿಂಗಳ ರಹದಾರಿ, ನಂದೇ ಜಬಾನ್, ಮಾತು ಕೊಟ್ಟೆ. ಓಡಲಿಲ್ವಾ, ವಾಪಸ್ ಬಂದು ಫಿರಂಗಿ ಹೊಯ್ಯಿ.’

ತಾಯಿ ಇದ್ದಾಳೋ ಇಲ್ಲವೋ, ಹೆಂಡತಿ ಇದ್ದಾಳೋ ಇಲ್ಲವೋ ಎಂದು ತಿಳಿಯುವುದು ಒಂದು ಆಟದ ಬಂಡಿ ಓಡುವುದರ ಮೇಲೆ ನಿಂತಿತು. ನಾನು ಅರ, ಉಳಿ, ಬೆಸುಗೆಯ ಸಾಮಾನು, ಒಂದು ಮುದ್ದೆ ಮೇಣ ಕಟ್ಟಿಕೊಂಡು ಹೊರಟೆ.

ಹಿರೋಡೆ ಇರುವುದು ಪಟ್ಟಣಕ್ಕೆ ಬಡಗಲಲ್ಲಿ, ಅರ್ಧ ಜಾವದ ನಡಿಗೆ. ಬಂಡೆಗಳ ಬುಡದಲ್ಲಿ, ಹುಜೂರ್ ಪರವಾಗಿ ಕಾದುವ ಪರಂಗಿಗಳ ದಂಡು ಇಳಿದಿತ್ತು. ದಂಡಿಗೆ ಸ್ವಲ್ಪ ದೂರದಲ್ಲಿ ಒಂದು ಹುಲ್ಲಿನ ಕೊಟ್ಟಿಗೆ, ಅದರಲ್ಲಿ ಈ ಸಾಹೇಬ. ನನ್ನ ವಯಸ್ಸಿನವನೇ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಕನ್ನಡವನ್ನು ಸಂತೆಯಲ್ಲಿ ಕಲಿತಿದ್ದ, ಹಾಗಾಗಿ ಬದನೆಕಾಯಿ, ಸೌದೆ, ಮೊಸರು ಎಂದೆಲ್ಲ ಸ್ಪಷ್ಟವಾಗಿ ಹೇಳುತ್ತಿದ್ದ, ಉಳಿದದ್ದಕ್ಕೆ ಕೈಯಾಡಿಸುತ್ತಿದ್ದ. ನನ್ನನ್ನು ಕಂಡ ಮೊದಲ ದಿನವೇ ‘ಉಸ್ತಾದ್’ ಎಂದು ಕರೆದ. ಫಿರಂಗಿ ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಬಂಡಿಯನ್ನು ನೋಡಿದೆ. ಮುಂದೆ ಒಂದು ಸಣ್ಣ ಗಾಲಿ, ಹಿಂದೆ ಎರಡು ದೊಡ್ಡವು. ನಡುವೆ ತಂಬಿಗೆ ಗಾತ್ರದ ತಾಮ್ರದ ಗುಡಾಣ, ಅದರ ಕೆಳಗೆ ಸಾರಾಯಿ ಹಾಕಿ ಹೊತ್ತಿಸುವ ದೀಪ. ಗುಡಾಣದಲ್ಲಿ ನೀರು ಕುದಿದು ಹಬೆ ಒಂದು ಕೊಳವೆಗೆ ನುಗ್ಗುತ್ತದೆ. ಓಕುಳಿಯ ಪಿಚಕಾರಿಯಲ್ಲಿರುವಂಥ ಒಂದು ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಕಡ್ಡಿ ಗಾಲಿಯನ್ನು ತಿರುಗಿಸುತ್ತದೆ. ಸಾಹೇಬ ಹೊತ್ತಿಸಿ ತೋರಿಸಿದ. ಸಾರಾಯಿಯ ಹೆಚ್ಚು ಪಾಲು ಬಂಡಿಯೇ ಕುಡಿಯಿತು, ಉಳಿದದ್ದು ಸಾಹೇಬ. ಬಂಡಿ ಬುಸುಗುಟ್ಟಿತು, ನಡುಗಿತು, ಆರು ಮಾರು ಹೋಗಿ ಎಡಕ್ಕೆ ವಾಲಿ ನಿಂತಿತು. ಎತ್ತಿಲ್ಲದೆ, ಕುದುರೆಯಿಲ್ಲದೆ ಒಂದು ಬಂಡಿ ತಾನೇ ಹೋದದ್ದನ್ನು ಅಂದು ಮೊದಲು ಕಂಡೆ. ಬೇರೆ ವರ್ಷವಾಗಿದ್ದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಂದು, ಮುಂದಿನ ಗಾಲಿಯ ತೂತು ಸವೆದಿದೆ ಎಂದಷ್ಟೇ ಕಂಡಿತು.

ಮೊದಲು ಅದನ್ನು ಸರಿಮಾಡಿದೆ. ಇರುಸು ತಿರುಗುವ ಜಾಗಕ್ಕೆ ಕಂಚಿನ ಬಳೆ ಎರಕ ಹೊಯ್ದು ಕೂರಿಸಿದೆ, ವಾಲುವುದು ನಿಂತಿತು. ಗಾಳಿಗೆ ದೀಪ ಆರುತ್ತಿತ್ತು; ಸುತ್ತ ಜಾಲರಿಯ ಗೂಡು ಕಟ್ಟಿದೆ. ನಯವಾದ ಕಲ್ಲುಹಾಸಿನ ಮೇಲೆ ಹಿಂದಿನ ಗಾಲಿಗಳು ನಿಂತಲ್ಲೇ ಸುತ್ತುತ್ತಿದ್ದವು. ಪಟ್ಟಿಯ ಮೇಲೆ ಉಳಿಯಿಂದ ಒತ್ತೊತ್ತಾಗಿ ಗೀರು ಹಾಕಿದೆ. ಇಷ್ಟಕ್ಕೆ ಸಾಹೇಬನಿಗೆ ಆದ ಸಂತೋಷ ನೋಡಬೇಕಿತ್ತು. ನನ್ನ ಕೈ ಹಿಡಿದು ಕುಲುಕಿದ. ಕೈಯಲ್ಲಿ ಅರ ಇದ್ದದ್ದರಿಂದ ಇಬ್ಬರಿಗೂ ಗೀರಿತು.

ಆಮೇಲೆ ಅಲಂಕಾರ. ಮೇಣದಲ್ಲಿ ಹುಲಿಮುಖ ಮಾಡಿದೆ, ನೆಲ್ಲಿಕಾಯಿ ಗಾತ್ರದ್ದು. ಮೀಸೆಗೆ ಮೇಣದ ಎಳೆ ಎಳೆದದ್ದು ಕೂದಲಿಗಿಂತ ಸ್ವಲ್ಪ ದಪ್ಪ. ಗುಡಾಣದ ಮೈಮೇಲೆ ಹುಲಿಪಟ್ಟೆ ಕೆತ್ತಿದೆ. ಕೂತು ಓಡಿಸುವ ಒಬ್ಬ ಆಳನ್ನು ಎರಕ ಹೊಯ್ದೆ, ಹೆಬ್ಬೆರಳಷ್ಟು. ಪಾಗು, ಮೀಸೆ, ಕೈಯಲ್ಲಿ ಚಾವಟಿ. ಸಾಹೇಬ ಚಾವಟಿ ನೋಡಿ, ‘ಎತ್ತು ಎಲ್ಲಿ? ಯಾರಿಗೆ ಹೊಡೀತಾನೆ?’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅಷ್ಟು ಯೋಚಿಸಿರಲಿಲ್ಲ. ಬಂಡಿ ಹೊಡೆಯುವವನ ಕೈಯಲ್ಲಿ ಚಾವಟಿ ಇರುತ್ತದೆ, ಮಾಡಿದೆ. ನಮ್ಮ ಬಂಡಿಗಳ ಇರುಸಿನ ಹತ್ತಿರ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುಹಾಕಿರುತ್ತಾರಲ್ಲ, ಅಂಥದ್ದನ್ನೂ ಒಂದು ಮಾಡಿ, ಸಣ್ಣ ಸರಪಳಿಯಲ್ಲಿ ತೂಗುಹಾಕಿದೆ. ಅದೇನು ಎಂದು ಕೇಳಿದ. ಹೇಳಿದೆ. ಮಾರನೆ ದಿನ ನೋಡಿದರೆ ಅದಕ್ಕೆ ನಿಜವಾಗಿ ಹರಳೆಣ್ಣೆ ತುಂಬಿ, ಕೋಳಿಗರಿಯಲ್ಲಿ ಅದ್ದಿ ಗಾಲಿಗೆ ಸವರುತ್ತ ಕೂತಿದ್ದ.

ಒಂದು ದಿನ ಮಧ್ಯಾಹ್ನ ಅನ್ನ ಉಣ್ಣುತ್ತ, ‘ಉಸ್ತಾದ್, ಮನೆಯಲ್ಲಿ ಯಾರು ಇದ್ದಾರೆ?’ ಎಂದ.

‘ಗೊತ್ತಿಲ್ಲ’ ಎಂದೆ.

ತನ್ನ ಕನ್ನಡ ತಪ್ಪಿತೇನೋ ಎಂದುಕೊಂಡು, ಬೆರಳು ಮಡಿಸಿ ಮತ್ತೆ ಕೇಳಿದ. ‘ಮನೆ. ತಾಯಿ? ಹೆಂಡತಿ?’

‘ಗೊತ್ತಿಲ್ಲ ಸಾಹೇಬ್ರೇ. ನಮ್ಮೂರು ಸುಟ್ಟೋಯ್ತು. ಈ ಬಂಡಿ ಓಡುದ್ರೆ ರಹದಾರಿ ಕೊಡ್ತಾರಂತೆ. ಓಗಿ ನೋಡ್ಬೇಕು.’

ಅವನು ಊಟ ಬಿಟ್ಟು ಎದ್ದ. ಅಲಂಕಾರವೆಲ್ಲ ಹಾಕಿದ ಬಂಡಿಯನ್ನು ಹೊತ್ತಿಸಿದ. ಅದು ಎರಡು ಮಾರು ಹೋಗಿ ನಿಂತಿತು. ಆಳು, ಹುಲಿ, ಗೂಡು, ಗೊಟ್ಟ ಎಲ್ಲ ಸೇರಿ ಬಂಡಿಗೆ ಭಾರವಾಗಿತ್ತು, ಹಬೆ ಸಾಲದು. ಸಾಹೇಬ ‘ತೂಕ! ತೂಕ!’ ಎಂದು ನೆತ್ತಿ ಹಿಡಿದುಕೊಂಡ. ಅಲಂಕಾರ ತೆಗೆದರೆ ದಾರೋಗ ಒಪ್ಪುವುದಿಲ್ಲ, ಇಟ್ಟರೆ ಬಂಡಿ ಓಡುವುದಿಲ್ಲ. ಗುಡಾಣದ ನೆತ್ತಿಯ ಮೇಲೆ ತೂಕದ ಕಡ್ಡಿ ಇದ್ದ ಒಂದು ಸಣ್ಣ ಮುಚ್ಚಳವಿತ್ತು. ಹಬೆ ಹೆಚ್ಚಾದರೆ ತಾನೇ ಎದ್ದು ಬಿಡುವಂಥದ್ದು ಎಂದು ನನಗೆ ಆಮೇಲೆ ತಿಳಿಯಿತು. ಆಗ ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಪರಂಗಿ ಸಾಮಾನಿನಲ್ಲಿ ಅಂಥ ಚಿಲ್ಲರೆ ಹತ್ತಿರುತ್ತವೆ. ಅದು ಸರಿಯಾಗಿ ಕೂರದೆ ಸದಾ ಸೀಟಿ ಹಾಕುತ್ತಿತ್ತು. ನಾನು ಹತ್ತಿರ ಇಲ್ಲದಾಗ ಸಾಹೇಬ ಅದನ್ನು ಕಳಚಿ ತಿದ್ದಲು ಇಟ್ಟುಕೊಂಡಿದ್ದ. ಅದೇ ಸಂಜೆ ಅವನಿಗೆ ಚಳಿಜ್ವರ ಬಂತು. ದಂಡಿನವರು ಬಂದು ಅವನನ್ನು ತಮ್ಮ ಡೇರೆಗೆ ಎತ್ತಿಕೊಂಡು ಹೋದರು. ಮುಚ್ಚಳ ಅವನ ಅಂಗಿಯ ಜೇಬಿನಲ್ಲೇ ಹೋಯಿತು.

ಕೊಟ್ಟಿಗೆಯಲ್ಲಿ ನಾನು, ಬಂಡಿ ಇಬ್ಬರೇ. ಹುಜೂರ್ ನೋಡುವ ದಿನಕ್ಕೆ ವಾರವಿತ್ತು. ನಾನು ಗುಡಾಣವನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ, ಬೆಳಗಿದೆ. ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ತೂತು ಕಂಡಿತು.

ಇದನ್ನು ಬರೆಯಲು ನಾನು ಇಷ್ಟು ವರ್ಷ ಹಿಂದೆಮುಂದೆ ನೋಡಿದ್ದೇನೆ. ಎರಕ ಹೊಯ್ಯುವ ಯಾವ ಮೂಢನಿಗೂ ಒಂದು ವಿಷಯ ಗೊತ್ತು: ಮಣ್ಣಿನ ಅಚ್ಚಿಗೆ ಉಸಿರು ಬಿಡಲು ದಾರಿ ಇಡಬೇಕು. ಇಡದಿದ್ದರೆ ಒಳಗಿನ ಪಸೆ ಹಬೆಯಾಗಿ ಅಚ್ಚು ಸಿಡಿದು ಹೊಯ್ಯುವವನ ಮುಖಕ್ಕೆ ಕರಗಿದ ಕಂಚು ಹಾರುತ್ತದೆ. ನಾನು ಜೀವಮಾನದಲ್ಲಿ ಒಂದು ಅಚ್ಚನ್ನೂ ಹಾಗೆ ಮುಚ್ಚಿದವನಲ್ಲ. ಆದರೆ ಅಚ್ಚಿನ ನೇಮ ಅಚ್ಚಿಗೆ, ಪಾತ್ರೆಯ ನೇಮ ಪಾತ್ರೆಗೆ. ನನ್ನ ಕೈಯಲ್ಲಿ ಇದ್ದದ್ದು ನೀರು ತುಂಬುವ ಒಂದು ಪಾತ್ರೆ. ಅದರಲ್ಲಿ ತೂತು. ಇದರಿಂದಲೇ ಹಬೆ ಸೋರಿ ಬಂಡಿ ನಿಲ್ಲುತ್ತಿದೆ ಎಂದು ಖಾತ್ರಿಯಾಯಿತು. ಒಮ್ಮೆ ನೋಡದೆ ಕೊಟ್ಟೆ, ಊರು ಹೋಯಿತು. ಇದನ್ನು ಹಾಗೆ ಬಿಡುವುದಿಲ್ಲ ಎಂದುಕೊಂಡೆ. ತವರದ ಬೆಸುಗೆ ಬೆಂಕಿಗೆ ಕರಗಬಹುದೆಂದು, ಹಿತ್ತಾಳೆಯ ಗಟ್ಟಿ ಬೆಸುಗೆಯನ್ನೇ ಬಿಳಿಗಾರ ಹಾಕಿ ಊದಿ ಕರಗಿಸಿದೆ. ಅರ ಹಾಕಿ ಮಟ್ಟ ಮಾಡಿದೆ. ಬಂಡಿಯ ಮುಂದೆ ಕಟ್ಟಿದ್ದ ಹುಲಿಮುಖವನ್ನು ಬಿಚ್ಚಿ ಅದರ ಮೇಲೆ ಕೂರಿಸಿ ಕೀಲು ಬಡಿದೆ. ನೀರು ತುಂಬಿ, ಮೂತಿ ಬಿಗಿದು, ತಲೆಕೆಳಗು ಮಾಡಿ ಬೂದಿಯ ಮೇಲೆ ಇಟ್ಟೆ. ಒಂದು ಜಾವ ಕಳೆದು ಎತ್ತಿದರೆ ಬೂದಿ ಒಣಗಿತ್ತು. ನಾಗಮಂಗಲದ ಸುದ್ದಿ ಕೇಳಿದ ಮೇಲೆ ನನಗೆ ಸಮಾಧಾನ ಎನ್ನುವುದು ಬಂದದ್ದು ಆ ಹೊತ್ತು ಒಂದೇ.

ಸಾಹೇಬ ಬಂದದ್ದು ತೋರಿಸುವ ದಿನ ಬೆಳಿಗ್ಗೆ, ನೇರ ಪಟ್ಟಣದ ಅರಮನೆ ಅಂಗಳಕ್ಕೆ, ಒಂದು ಡೋಲಿಯಲ್ಲಿ. ಕೆನ್ನೆ ಒಳಕ್ಕೆ ಹೋಗಿತ್ತು. ಜೇಬಿನಿಂದ ಆ ಸಣ್ಣ ಮುಚ್ಚಳ ತೆಗೆದು ಗುಡಾಣದ ಹತ್ತಿರ ಬಗ್ಗಿದ. ಅಲ್ಲಿ ಹುಲಿ ಕೂತಿತ್ತು. ಸ್ವಲ್ಪ ಹೊತ್ತು ಹುಲಿಯನ್ನೇ ನೋಡಿದ. ನೀರು ಹಾಕುವ ಮೂತಿಗೆ ಬಾಯಿಟ್ಟು ಊದಿದ. ಎಲ್ಲಿಂದಲೂ ಗಾಳಿ ಬರಲಿಲ್ಲ. ನಾವು ಬೂದಿಯಲ್ಲಿ ನೋಡುವ ಹಾಗೆ ಇವರು ಊದಿ ನೋಡುತ್ತಾರೆ ಎಂದುಕೊಂಡು ನಾನು ಎದೆಯುಬ್ಬಿಸಿಯೇ ನಿಂತಿದ್ದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ದಾರೋಗನ ಕಡೆ ನೋಡಿದ. ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ.

ದೀಪದ ಬತ್ತಿಯನ್ನು ಅರ್ಧಕ್ಕೆ ಇಳಿಸಿ ಹೊತ್ತಿಸಿದ. ಬಂಡಿ ಬುಸುಗುಟ್ಟಲಿಲ್ಲ, ನಡುಗಲಿಲ್ಲ. ಸುಮ್ಮನೆ ಹೊರಟಿತು. ಚಾವಟಿ ಹಿಡಿದ ಆಳು, ಹಲ್ಲು ಕಿರಿದ ಹುಲಿ, ತೂಗಾಡುವ ಕೀಲೆಣ್ಣೆ ಗೊಟ್ಟ, ಎಲ್ಲವನ್ನೂ ಹೊತ್ತು ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಹುಜೂರ್ ಕೂತಿದ್ದ ಜಮಖಾನೆಗೆ ಮೂತಿ ತಾಗಿಸಿ ನಿಂತಿತು. ಎಲ್ಲರೂ ಭಲೆ ಭಲೆ ಎಂದರು. ಸಾಹೇಬ ಮಾತ್ರ ಓಡಿಹೋಗಿ ದೀಪ ಆರಿಸಿದ. ಸಂಜೆಯೊಳಗೆ ನನ್ನ ಕೈಗೆ ರಹದಾರಿ ಬಂತು. ಅವನಿಗೆ ಹೇಳಿ ಹೊರಡೋಣವೆಂದು ಹುಡುಕಿದೆ. ಒಳಗೆ ಸರದಾರರು ಅವನನ್ನು ಸುತ್ತುಗಟ್ಟಿಕೊಂಡಿದ್ದರು. ಬಂದು ಹೇಳಿದರಾಯಿತು ಎಂದು ಹೊರಟೆ.

ನಾಗಮಂಗಲದಲ್ಲಿ ಎಲೆಯವನು ಹೇಳಿದ ಹಾಗೆಯೇ ಗೋಡೆಗಳಿದ್ದವು. ನಮ್ಮ ಮನೆಯ ಕುಲುಮೆಯಲ್ಲಿ ಒಂದು ನಾಯಿ ಮರಿ ಹಾಕಿತ್ತು. ಹೆಂಡತಿಯ ತವರು ಅತ್ತಿಗುಪ್ಪೆ. ಅಲ್ಲಿಗೆ ಹೋದೆ, ಅಲ್ಲಿ ಅವರ ಮನೆಯವರು ಯಾರೂ ಉಳಿದಿರಲಿಲ್ಲ. ಹೊಣಕೆರೆ ಕಡೆಗೆ ನಮ್ಮ ಕೇರಿಯ ಹೆಂಗಸರು ಕೆಲವರು ಹೋದರೆಂದು ಒಬ್ಬಳು ಮುದುಕಿ ಹೇಳಿದಳು. ಹೊಣಕೆರೆಗೆ ನಡೆದೆ. ಗೌಡರೊಬ್ಬರ ಹಟ್ಟಿಯಲ್ಲಿ ನನ್ನ ಹೆಂಡತಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು.

ನನ್ನನ್ನು ನೋಡಿದಳು. ಮೊರ ಕೆಳಗಿಟ್ಟಳು. ಒಳಗೆ ಹೋಗಿ ಕಾಲಿಗೆ ನೀರು ತಂದಿಟ್ಟಳು. ಯಾರೋ ನೆಂಟರು ಬಂದ ಹಾಗೆ.

‘ಸತ್ತೋದ್ರು ಅಂದ್ರು’ ಎಂದಳು.

‘ಯಾರು?’

‘ನೀವೇಯ. ಎರಕದೋರು ಒಬ್ರೂ ಉಳೀನಿಲ್ಲ, ಗುಂಡು ಬಿದ್ದು ಎಲ್ಲಾ ಓದ್ರು ಅಂದ್ಬುಟ್ರು. ಅದ್ಕೇಯ ಎಲ್ಲಾನೂ ಮಾಡ್ಬುಟ್ವಿ.’

ಎಲ್ಲಾನೂ ಎಂದರೆ ಎಲ್ಲಾನೂ. ಅವಳ ಕೈಯಲ್ಲಿ ಬಳೆ ಇರಲಿಲ್ಲ, ಹಣೆಯಲ್ಲಿ ಕುಂಕುಮ ಇರಲಿಲ್ಲ.

‘ಅವ್ವ?’ ಎಂದೆ.

‘ನಿಮ್ಮ ತಿಥಿ ಆಗಿ ಎಂಟು ದಿನಕ್ಕೆ ಕಣ್ಮುಚ್ಚುದ್ರು. ತಿಥಿ ದಿನ ಒಂದು ತುತ್ತು ಉಂಡ್ರು. ಆಮೇಕೆ ಉಣ್ನಿಲ್ಲ.’

ತಾಯಿ ನಾನು ಸತ್ತೆನೆಂದು ಸತ್ತಳು. ಹೆಂಡತಿ ನಾನು ಸತ್ತೆನೆಂದು ಬದುಕಿಕೊಂಡಿದ್ದಳು. ಇದನ್ನು ಕೇಳಿದರೆ ಕಲ್ಲೂ ಕರಗುತ್ತದೆ ಎನ್ನುತ್ತಾರೆ. ನಾನು ಕರಗಲಿಲ್ಲ. ಕಾಲು ತೊಳೆದುಕೊಂಡು, ಅವಳು ಕೊಟ್ಟ ಮುದ್ದೆ ಉಂಡೆ. ಉಪ್ಪು ಕಡಿಮೆಯಾಗಿತ್ತು, ಕೇಳಿ ಹಾಕಿಸಿಕೊಂಡೆ. ಬಳೆಗಾರನ ಹತ್ತಿರ ಹೋಗಿ ಬಳೆ ತೊಟ್ಟುಕೋ ಎಂದೆ. ‘ಬುಡಿ, ಕೈ ಅಗುರವಾಗಿ ಅದೆ’ ಎಂದಳು. ಕೋಪವೋ, ದಣಿವೋ, ಏನೆಂದು ತಿಳಿಯಲಿಲ್ಲ. ನಮ್ಮಿಬ್ಬರಲ್ಲಿ ಯಾರಾದರೊಬ್ಬರು ಮೊದಲು ಅತ್ತಿದ್ದರೆ ಇನ್ನೊಬ್ಬರಿಗೂ ದಾರಿ ಸಿಗುತ್ತಿತ್ತೇನೋ. ಇಬ್ಬರೂ ಅಳಲಿಲ್ಲ.

ತಿಂಗಳು ತುಂಬುವವರೆಗೂ ಇರಲು ಅಲ್ಲಿ ಏನಿತ್ತು? ಗೌಡರಿಗೆ ಕೈಮುಗಿದು, ಇಬ್ಬರೂ ಹೊರಟೆವು. ಅವಳು ಮೂರು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಮೇಲುಕೋಟೆಯ ಬೆಟ್ಟದ ಬುಡದಲ್ಲಿ ಒಂದು ಕಡೆ ಕೂತು ನೀರು ಕುಡಿದಾಗ ಬಂಡಿಯ ಕತೆ ಹೇಳಿದೆ: ಹುಲಿ, ಆಳು, ಸಾಹೇಬ, ಅವನ ಬದನೆಕಾಯಿ ಕನ್ನಡ, ತೂತು ಹುಡುಕಿ ಮುಚ್ಚಿದ್ದು. ಅವಳು ಕೇಳಿಸಿಕೊಂಡಳು. ‘ಪಾಪ, ಒಳ್ಳೆ ಮನ್ಸ’ ಎಂದಳು.

ಹಿರೋಡೆ ಸುಂಕದ ಕಟ್ಟೆಯ ಹತ್ತಿರ ದಾರೋಗನೇ ಎದುರಾದ. ಕುದುರೆಯಿಂದ ಇಳಿಯದೆ ಹೇಳಿದ. ‘ನೀನು ಹೋದ ಮಾರನೆ ದಿನವೇ ಸರದಾರರು ಬಂಡೀನ ಓರೆ ಹಲಗೆ ಹತ್ತಿಸಿ ತೋರಿಸು ಅಂದ್ರು. ಬೆಂಕಿ ಜಾಸ್ತಿ ಮಾಡು ಅಂದ್ರು. ಗುಡಾಣ ಸಿಡೀತು ಆಚಾರಿ. ಆ ಪರಂಗಿ ಬಗ್ಗಿ ನೋಡ್ತಿದ್ದ. ಎರಡೂ ಕಣ್ಣು ಹೋಯ್ತು.’

ಅಚ್ಚು, ಪಸೆ, ಉಸಿರಿನ ದಾರಿ, ಎಲ್ಲವೂ ನನಗೆ ಆ ಸುಂಕದ ಕಟ್ಟೆಯಲ್ಲಿ ಒಂದೇ ಏಟಿಗೆ ಹೊಳೆಯಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೂ ಹೊಳೆದಿತ್ತು, ಅವಳೂ ಕಂಚುಗಾರರ ಮಗಳು. ಅಲ್ಲಿಂದಲೇ ಪಟ್ಟಣಕ್ಕೆ ಹೋಗಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗುಡಾಣ ಸಾಹೇಬನದು, ಬೆಂಕಿ ಸರದಾರರದು, ಕಂಚುಗಾರ ಹುಲಿ ಕೂರಿಸಿದವನು ಅಷ್ಟೆ. ನಾನು ಕಾಲನ್ನು ಅತ್ತ ತಿರುಗಿಸಿದ್ದೂ ಉಂಟು. ಅವಳು ತಿರುಗಲಿಲ್ಲ. ದಾರೋಗ ಕೈತೋರಿಸಿದ ಕೊಟ್ಟಿಗೆ ಕಡೆಗೆ ನೇರ ನಡೆದಳು, ಈ ಸಲ ಮುಂದೆ ಅವಳು.

ಅವನು ಹಗ್ಗದ ಮಂಚದ ಮೇಲೆ ಕೂತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕೆನ್ನೆ, ಹಣೆಯ ಸುಟ್ಟ ಚರ್ಮ ಸುಲಿದು ಕೆಂಪಗಿತ್ತು. ಗೋಡೆಯ ಬದಿಯ ಮಂಕರಿಯಲ್ಲಿ ಬಂಡಿಯ ಚೂರುಗಳನ್ನು ತುಂಬಿಟ್ಟಿದ್ದರು. ಕೈ ಹಾಕಿ ಗುಡಾಣದ ನೆತ್ತಿಯ ಚೂರನ್ನು ತೆಗೆದೆ. ತಾಮ್ರ ಬಾಳೆಲೆಯ ಹಾಗೆ ಹರಿದಿತ್ತು. ನನ್ನ ಬೆಸುಗೆ ಹಾಗೇ ಇತ್ತು, ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ.

‘ಉಸ್ತಾದ್?’ ಎಂದ. ಚೂರಿನ ಸದ್ದಿಗೆ ಗುರುತು ಹಿಡಿದಿದ್ದ.

‘ಊಂ. ಸಾಹೇಬ್ರೇ, ಆ ತೂತ ಮುಚ್ಚುದ್ದು ನಾನು.’

‘ಗೊತ್ತು.’

‘ಯಾವಾಗ ಗೊತ್ತಾಯ್ತು?’

‘ಆ ದಿನ ಬೆಳಿಗ್ಗೆ. ಮುಚ್ಚಳ ಇದೆ, ತೂತು ಇಲ್ಲ. ಊದಿದೆ, ಗಾಳಿ ಇಲ್ಲ.’

‘ಮತ್ಯಾಕ್ ಸುಮ್ಕಿದ್ರಿ?’

ಅವನು ಮಾತು ಹುಡುಕಿದ. ಸಂತೆಯಲ್ಲಿ ಸಿಗುವ ಮಾತಲ್ಲ ಅದು. ‘ಹುಲಿ ತೆಗೀಬೇಕು, ಕೊರೀಬೇಕು, ಮತ್ತೆ ಹುಲಿ ಹಾಕಬೇಕು. ಹೊತ್ತು ಇಲ್ಲ. ಇವತ್ತು ಬೇಡ ಅಂದರೆ ನಿನ್ನ ಚೀಟಿ ಇಲ್ಲ. ಸಣ್ಣ ಬೆಂಕಿ, ಒಂದು ಸಲ. ಆಗುತ್ತೆ ಅಂದುಕೊಂಡೆ.’ ಕಣ್ಣಿನ ಬಟ್ಟೆ ಸರಿಮಾಡಿಕೊಂಡ. ‘ಆಮೇಲೆ ಅದು ಚೆನ್ನಾಗಿ ಓಡಿತು ಉಸ್ತಾದ್. ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಮಾರನೆ ದಿನ ಕೊರೆಯಲು ನನಗೆ ಮನಸ್ಸು ಬರಲಿಲ್ಲ. ಅದು ನನ್ನ ತಪ್ಪು. ನಿನ್ನದಲ್ಲ.’

ನಾನು ಅವನ ಕಾಲ ಹತ್ತಿರ ನೆಲದ ಮೇಲೆ ಕೂತೆ. ಚೂರು ಕೈಯಲ್ಲೇ ಇತ್ತು. ಅವನು ಗಾಳಿಯಲ್ಲಿ ಕೈಯಾಡಿಸಿ ನನ್ನ ತಲೆ ಸಿಕ್ಕಿದ ಮೇಲೆ ಕೇಳಿದ.

‘ನಿನ್ನ ಹೆಂಡತಿ? ಇದ್ದಾಳಾ?’

ಹೇಳಬೇಕೆಂದು ಬಾಯಿ ತೆರೆದೆ. ಅಳು ಬಂತು. ಊರಿಗೆ ಬರದ ಅಳು, ತಾಯಿಗೆ ಬರದ ಅಳು, ಹಟ್ಟಿಯಲ್ಲಿ ಬರಿಗೈ ಕಂಡಾಗ ಬರದ ಅಳು, ಎಲ್ಲವನ್ನೂ ಅವನ ಮಂಚದ ಹಗ್ಗ ಹಿಡಿದುಕೊಂಡು ಅತ್ತೆ. ಅವನಿಗೆ ಕಾಣುವಂತಿಲ್ಲ. ನಾನು ಅಳುವುದು ಕೇಳಿ ತಪ್ಪು ತಿಳಿದ. ಅವನ ಕೈ ನನ್ನ ತಲೆಯ ಮೇಲೆ ಕಲ್ಲಾಯಿತು. ‘ಇಲ್ವಾ?’ ಎಂದ. ‘ಇಲ್ವಾ ಉಸ್ತಾದ್?’

ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದಳು.

‘ಇವ್ನಿ ಕಣಪ್ಪ’ ಎಂದಳು. ‘ನಾನು ಇಲ್ಲೇ ಇವ್ನಿ.’

ಅವನು ನನ್ನ ತಲೆಯಿಂದ ಕೈ ತೆಗೆದು, ದನಿ ಬಂದ ಕಡೆಗೆ ತಿರುಗಿ, ಎರಡೂ ಕೈ ಜೋಡಿಸಿ ಮುಗಿದ.